ಮೊಲಿನೆರೊಗೆ ಸಿಕ್ಕ ಜೀವದಾನ

ಲಾಸ್ ಎನ್ಸಿನಾಸ್ ಹಟ್ಟಿ, ಸಲಾಮಾಂಕಾ
೧೨ ಜೂನ್ ೧೯೯೪

ಮಗಳು ಅಂಪಾರೊಗೆ,

ನಿನಗೆ ನಾನು ಬರೆದು ಎಂಟು ವರ್ಷವಾಯಿತು. ಕ್ರಿಸ್‌ಮಸ್ ಕಾರ್ಡುಗಳಲ್ಲಿ ನನ್ನ ಹೆಸರನ್ನೂ ನಿನ್ನ ಅಮ್ಮನೇ ಗೀಚಿ ಕಳಿಸುತ್ತಿದ್ದಳು, ಅದು ನಿನಗೂ ಗೊತ್ತಿದ್ದೀತು. ಫೋನು ಇರುವುದು ಧಣಿಯ ಮನೆಯಲ್ಲಿ. ಅಲ್ಲಿ ನಿಂತು ಮಗಳ ಜೊತೆ ಮಾತಾಡುವುದು ನನ್ನಿಂದಾಗದು.

ನಿನ್ನ ಮದುವೆಯ ಊಟದಲ್ಲಿ ನಿನ್ನ ಗಂಡ ಎಲ್ಲರೆದುರು ನನ್ನನ್ನು ಕಟುಕ ಎಂದ. ನಾನು ಎದ್ದು ಬಂದೆ. ಅವನ ಮಾತಿಗಿಂತ ನೀನು ತಟ್ಟೆ ನೋಡುತ್ತಾ ಸುಮ್ಮನೆ ಕುಳಿತದ್ದು ನನ್ನನ್ನು ಹೆಚ್ಚು ನೋಯಿಸಿತು. ನಲವತ್ತು ವರ್ಷದಿಂದ ಈ ಹಟ್ಟಿಯಲ್ಲಿ ಗೂಳಿ ಸಾಕಿದ್ದೇನೆ ಮಗಳೇ, ಒಂದನ್ನೂ ನನ್ನ ಕೈಯಾರೆ ಕೊಂದಿಲ್ಲ. ಕೊಲ್ಲುವುದಕ್ಕೆ ಬೇರೆಯವರಿದ್ದಾರೆ, ಜರತಾರಿ ಬಟ್ಟೆ ಹಾಕಿಕೊಂಡು ಬರುತ್ತಾರೆ.

ಸೆಪ್ಟೆಂಬರಿನ ಹಬ್ಬಕ್ಕೆ ಸಲಾಮಾಂಕಾದ ಕಣಕ್ಕೆ ನಮ್ಮ ಆರು ಗೂಳಿಗಳು ಹೋಗುತ್ತವೆ. ಧಣಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿದೆ, ಬರಲಾರರು. ಕಣದ ಬೇಲಿಯ ಹಿಂದೆ ಅವರ ಜಾಗದಲ್ಲಿ ಹಟ್ಟಿಯ ಹಿರಿಯಾಳು ಎಂದು ನಾನೇ ನಿಲ್ಲಬೇಕು. ಆ ಆರರಲ್ಲಿ ಮೊಲಿನೆರೊ ಎಂಬವನಿದ್ದಾನೆ. ಹುಟ್ಟಿದ ಬೆಳಿಗ್ಗೆ, ತಾಯಿ ನೆಕ್ಕಿ ಮುಗಿಸುವ ಮೊದಲೇ, ಎದ್ದು ನನ್ನ ಕುದುರೆಗೆ ಗುದ್ದಲು ಬಂದವನು. ಹಟ್ಟಿಯಲ್ಲಿ ಹುಟ್ಟಿ ಬೆಳೆದೂ ನೀನು ಒಂದು ಕಾಳಗವನ್ನೂ ನೋಡಲಿಲ್ಲ. ಲಾರಿ ಹೊರಡುವ ದಿನ ಅಡುಗೆಮನೆಯಲ್ಲಿ ಅಡಗಿಕೊಳ್ಳುತ್ತಿದ್ದೆ. ಒಮ್ಮೆ ಬಂದು ನೋಡು. ನೋಡಿದ ಮೇಲೂ ಕಟುಕ ಎನ್ನುವುದಾದರೆ ನೀನೇ ನನ್ನ ಮುಖಕ್ಕೆ ಹೇಳು, ಕೇಳಿಸಿಕೊಳ್ಳುತ್ತೇನೆ.

ನಿನ್ನ ಅಪ್ಪ,
ಎಲಾದಿಯೊ

ಕೆಳಗೆ ನಾನು, ಅಮ್ಮ: ಈ ಕಾಗದ ಬರಿಯೋಕೆ ನಿಮ್ಮಪ್ಪ ಮೂರು ಭಾನುವಾರ ತಗೊಂಡ್ರು ಕಣೇ. ಹರಿದಿದ್ದನ್ನೆಲ್ಲ ನಾನೇ ಒಲೆಗೆ ಹಾಕಿದೀನಿ. ಬರಲ್ಲ ಅಂದ್ರೆ ನಂಗೆ ಬೇರೆ ಬರಿ, ಅವರಿಗೆ ಬರೀಬೇಡ.


ಬಾರ್ಸಿಲೋನಾ
೩ ಜುಲೈ ೧೯೯೪

ಅಪ್ಪನಿಗೆ,

ನಿಮ್ಮ ಪತ್ರ ತಲುಪಿತು. ಬರುತ್ತೇನೆ, ಒಬ್ಬಳೇ. ವಿಷಯ ಕೇಳಿ ನಿಮ್ಮ ಅಳಿಯ ಜೊರ್ದಿ ನಕ್ಕ. "ಹೋಗು, ಹೋಗು. ರಕ್ತದ ಕಲೆ ಕಾಣದ ಬಣ್ಣದ ಬಟ್ಟೆ ಹಾಕ್ಕೊಂಡು ಹೋಗು" ಎಂದ. ನಾನು ನಗಲಿಲ್ಲ. ನಿಮ್ಮ ಪರವಾಗಿ ಜಗಳವನ್ನೂ ಆಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಒಂದನ್ನೂ ಕೈಯಾರೆ ಕೊಂದಿಲ್ಲ ಎಂದು ಬರೆದಿದ್ದೀರಿ. ಹೆಸರಿಟ್ಟು, ಮೇಯಿಸಿ, ಲಾರಿ ಹತ್ತಿಸಿ ಕಳಿಸುವ ಕೈ ಯಾರದು? ಅಡುಗೆಮನೆಯಲ್ಲಿ ಅಡಗಿಕೊಂಡರೂ ಲಾರಿಯ ಬಾಗಿಲು ಬೀಳುವ ಸದ್ದು ಕೇಳಿಸುತ್ತಿತ್ತು ಅಪ್ಪ.

ನಾನು ಬರುವುದು ನೆಂಟಳ ಹಾಗೆ. ಊರೊಳಗೆ ಒಂದು ವಸತಿಗೃಹದಲ್ಲಿ ಇಳಿದುಕೊಳ್ಳುತ್ತೇನೆ. ಟಿಕೆಟ್ಟು ನಾನೇ ಕೊಳ್ಳುತ್ತೇನೆ. ಕಾಳಗ ಮುಗಿದ ರಾತ್ರಿಯೇ ರೈಲು ಹಿಡಿಯುತ್ತೇನೆ.

ಅಂಪಾರೊ


ಬಾರ್ಸಿಲೋನಾ
೧೮ ಸೆಪ್ಟೆಂಬರ್ ೧೯೯೪

ಅಪ್ಪಾ,

ನಿಲ್ದಾಣಕ್ಕೆ ನೀನು ಬರುವಷ್ಟರಲ್ಲಿ ರೈಲು ಹೊರಟಿತ್ತು. ಕಿಟಕಿಯಿಂದ ನಿನ್ನ ಟೋಪಿ ಕಂಡಿತು. ಅವತ್ತು ಎದುರು ಸಿಕ್ಕಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಬರೆಯುವುದೇ ಸುಲಭ.

ಮೊದಲ ನಾಲ್ಕು ಗೂಳಿಗಳು ಮುಗಿಯುವ ಹೊತ್ತಿಗೆ ನಾನು ನಿನ್ನನ್ನು ಪೂರ್ತಿಯಾಗಿ ದ್ವೇಷಿಸಿಬಿಟ್ಟಿದ್ದೆ. ಮೂರನೆಯದು ಬಾಯಿಂದ ರಕ್ತ ಕಾರುತ್ತಾ ಬೇಲಿಗೆ ಒರಗಿ ನಿಂತಿತ್ತು, ಬೀಳಲೊಲ್ಲದು. ಪಕ್ಕದ ಹೆಂಗಸು ಸೂರ್ಯಕಾಂತಿ ಬೀಜ ಸುಲಿಯುತ್ತಾ, "ಸಾಯೋಕೂ ಬರಲ್ಲ ಈ ಮುಂಡೇದಕ್ಕೆ" ಎಂದಳು. ಅವಳು ಒಳ್ಳೆಯವಳೇ; ನನ್ನ ಮುಖ ನೋಡಿ ತನ್ನ ಚೀಲದಿಂದ ಮಾಂಸದ ರೊಟ್ಟಿಯ ತುಂಡು ಮುರಿದು ಕೊಟ್ಟಳು. "ತಿನ್ನಮ್ಮ, ಖಾಲಿ ಹೊಟ್ಟೇಲಿ ನೋಡೋದಲ್ಲ ಇದು."

ಆಮೇಲೆ ಐದನೆಯವನು ಬಂದ. ಅವನು ಬಂದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕುದುರೆ ಮೇಲಿನ ಈಟಿಯವನು ಚುಚ್ಚುತ್ತಿದ್ದರೂ ಹಿಂದೆ ಸರಿಯದೆ ಕುದುರೆಯನ್ನೇ ಎತ್ತಿ ನೂಕಿದ. ಕೆಂಪು ಬಟ್ಟೆ ಹಿಡಿದ ಆ ಎಳೆಯ ಮತಾದೋರ್ ಮಂಡಿಯೂರಿ ಕರೆದ, ಮೊಲಿನೆರೊ ಬಂದ, ಅವನ ಎದೆಯನ್ನು ಸವರಿಕೊಂಡು ಹೋದ, ತಿರುಗಿ ಮತ್ತೆ ಬಂದ. ಕಣ ಪೂರ್ತಿ ಉಸಿರು ಹಿಡಿದಿತ್ತು. "ಓಲೇ" ಎಂದು ಯಾರೋ ಕಿರುಚಿದರು. ನನ್ನ ಗಂಟಲು ಉರಿದಾಗ ಗೊತ್ತಾಯಿತು, ಕಿರುಚಿದ್ದು ನಾನು.

ಅದನ್ನು ಜೊರ್ದಿಗೆ ಹೇಳಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ ನನಗೆ, ಉಗುಳಲೂ ಆಗದು, ನುಂಗಲೂ ಆಗದು. ಅಷ್ಟು ಚೆಂದದ ಇನ್ನೊಂದನ್ನು ನಾನು ಕಂಡಿಲ್ಲ. ಅದರ ಬೆನ್ನಿನಿಂದ ಗೊರಸಿನವರೆಗೆ ರಕ್ತ ಇಳಿಯುತ್ತಿತ್ತು. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದೆ.

ಕತ್ತಿ ತರುವ ಹೊತ್ತಿಗೆ ಬಿಳಿ ಕರವಸ್ತ್ರಗಳು ಎದ್ದವು. ಮೊದಲು ನೆರಳಿನ ಕಡೆ, ಆಮೇಲೆ ಎಲ್ಲ ಕಡೆ. ಅವನ ಜೀವ ಉಳಿಸಿ ಎಂದು ಇಡೀ ಕಣ ಕೇಳುತ್ತಿತ್ತು. ಮತಾದೋರನೂ ಕತ್ತಿ ಕೆಳಗಿಟ್ಟು, ಮೇಲೆ ಕುಳಿತಿದ್ದ ಕಾಳಗದ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಬೇಲಿಯ ಕಡೆ ನೋಡಿದರು. ಪಕ್ಕದವಳು ನನ್ನ ಪಕ್ಕೆಗೆ ತಿವಿದು, "ಆ ಟೋಪಿ ಮುದುಕ ಹೂಂ ಅನ್ಬೇಕು ಕಣಮ್ಮ. ಹಟ್ಟಿಯವರು ಒಪ್ಪದೆ ಜೀವದಾನ ಇಲ್ಲ. ಬಾಯಲ್ಲಿ ಏನಿಟ್ಕೊಂಡಿದಾನೋ!" ಎಂದಳು. ಅವನು ನನ್ನಪ್ಪ ಎಂದು ನಾನು ಹೇಳಲಿಲ್ಲ. ಎದ್ದು ನಿಂತೆ. ನನ್ನ ಕೈಯಲ್ಲೂ ಕರವಸ್ತ್ರವಿತ್ತು, ಅಳುತ್ತಿದ್ದೆ. ನೀನು ಗೂಳಿಯನ್ನು ನೋಡಿದೆ, ಬಹಳ ಹೊತ್ತು ನೋಡಿದೆ. ಆಮೇಲೆ ತಲೆಯೆತ್ತಿ ಸಾವಿರ ಜನರ ನಡುವೆ ನನ್ನನ್ನು ಹುಡುಕಿದೆ. ಹೂಂ ಎಂದು ತಲೆಯಾಡಿಸಿದೆ. ಅಧ್ಯಕ್ಷರು ಜೀವದಾನದ ಗುರುತಾದ ಕಿತ್ತಳೆ ಬಣ್ಣದ ಬಟ್ಟೆ ಚಾಚಿದರು.

ಸಾಧು ಎತ್ತುಗಳು ಬಂದು ಮೊಲಿನೆರೊನನ್ನು ಒಳಗೆ ಕರೆದುಕೊಂಡು ಹೋದವು. ಪಕ್ಕದವಳು ನನ್ನನ್ನು ತಬ್ಬಿಕೊಂಡು ಅತ್ತಳು, ಸಾಯೋಕೂ ಬರಲ್ಲ ಎಂದಿದ್ದಳಲ್ಲ, ಅವಳೇ.

ಅವನು ಹೇಗಿದ್ದಾನೆ? ಮಿಕ್ಕ ಐದರ ಬಗ್ಗೆ ನನಗಿನ್ನೂ ಸಿಟ್ಟಿದೆ. ಆದರೂ ಹೇಗಿದ್ದಾನೆ, ಬರಿ.

ನಿನ್ನ ಅಂಪಾರೊ


ಲಾಸ್ ಎನ್ಸಿನಾಸ್
೨೬ ಸೆಪ್ಟೆಂಬರ್ ೧೯೯೪

ಮಗಳೇ,

ಮೊಲಿನೆರೊ ಹಿಂದಿನ ಕೊಟ್ಟಿಗೆಯಲ್ಲಿದ್ದಾನೆ. ಡಾಕ್ಟರು ಬಂದು ಗಾಯ ತೊಳೆದು ಹೋಗುತ್ತಾರೆ. ನೀರು ಕುಡಿಯುತ್ತಾನೆ. ನನ್ನ ದನಿ ಕೇಳಿದರೆ ಕಿವಿ ತಿರುಗಿಸುತ್ತಾನೆ. ಈಟಿ ತುಸು ಹಿಂದೆ ಇಳಿದಿದೆ. ವಾಸಿಯಾಗಲು ದಿನ ಹಿಡಿಯುತ್ತದೆ.

ಅಪ್ಪ

ಅಮ್ಮ: ಹೋದ ಸಲದ ಕಾಗದದಲ್ಲಿ ಅಪ್ಪನಿಗೆ ನೀವು, ನಿಮ್ಮ ಅಂತ ನೆಂಟರಿಗೆ ಬರೆದ ಹಾಗೆ ಬರೆದಿದ್ದೆ, ಈ ಸಲ ಇಲ್ಲ. ಅದನ್ನ ಅವರು ನಂಗೆ ಎರಡು ಸಲ ಓದಿ ಹೇಳಿದ್ರು, ನಂಗೇನು ಓದೋಕೆ ಬರಲ್ವಾ!


ಬಾರ್ಸಿಲೋನಾ
೫ ಅಕ್ಟೋಬರ್ ೧೯೯೪

ಅಪ್ಪಾ,

ನಿನ್ನ ಮೊಮ್ಮಗಳು ಲಾಯಾ ಬರೆದ ಚಿತ್ರ ಇದರ ಜೊತೆಗಿದೆ. ಕಪ್ಪು ಬಣ್ಣದ ಪೆನ್ಸಿಲು ಪೂರ್ತಿ ಮೊಲಿನೆರೊಗೇ ಖರ್ಚಾಯಿತು. ಪಕ್ಕದಲ್ಲಿ ಟೋಪಿ ಹಾಕಿಕೊಂಡವನು ಅಜ್ಜನಂತೆ. ಅಜ್ಜನನ್ನು ಅವಳು ನೋಡೇ ಇಲ್ಲವಲ್ಲ, ಟೋಪಿಯ ಕೆಳಗೆ ಮುಖ ಖಾಲಿ ಬಿಟ್ಟಿದ್ದಾಳೆ.

ಇನ್ನೊಂದು ಸುದ್ದಿ ಕೇಳು. ನಿನ್ನೆ ಮಾಂಸದಂಗಡಿಯಲ್ಲಿ ನಿನ್ನ ಅಳಿಯ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಮಾವ ಒಂದು ಗೂಳಿ ಜೀವ ಉಳಿಸಿದಾರೆ ಕಣ್ರೀ. ಇಡೀ ಊರು ನಿಂತಿತ್ತಂತೆ, ಅವರು ತಲೆ ಆಡಿಸಿದ್ಮೇಲೇ ಎಲ್ಲ" ಎಂದು ಹೇಳುತ್ತಿದ್ದ. ನಮ್ಮ ಮಾವ! ನನಗೆ ನಗುವೂ ಬಂತು, ಮೈ ಉರಿಯೂ ಬಂತು.

ಗಾಯ ಒಣಗಿತೇ? ಬೇಗ ಬರಿ. ಲಾಯಾ ದಿನಾ ಕೇಳುತ್ತಾಳೆ.

ನಿನ್ನ ಅಂಪಾರೊ


ಲಾಸ್ ಎನ್ಸಿನಾಸ್
೧೨ ಅಕ್ಟೋಬರ್ ೧೯೯೪

ಮಗಳೇ,

ಲಾಯಾಗೆ ಹೇಳು, ಮೊಲಿನೆರೊ ಚೆನ್ನಾಗಿದ್ದಾನೆ. ಗಾಯ ಒಣಗಿದೆ. ನಿನ್ನೆ ಹೊರಗೆ ಬಿಟ್ಟೆ. ಓಕ್ ಮರಕ್ಕೆ ಕತ್ತು ಉಜ್ಜಿಕೊಂಡು ನಿಂತಿದ್ದ. ಮರದ ಕಾಯಿ ಉದುರುವ ಕಾಲ, ಹೊಟ್ಟೆ ತುಂಬ ತಿನ್ನುತ್ತಾನೆ. ಇನ್ನು ಮೇಲೆ ಅವನಿಗೆ ಹಸುಗಳ ಜೊತೆ ಇರುವುದೊಂದೇ ಕೆಲಸ. ಚಿತ್ರವನ್ನು ಗೋಡೆಗೆ ಹಚ್ಚಿದ್ದೇನೆ.

ಅಪ್ಪ

ಅಮ್ಮ: ತಿನ್ನೋದ್ರಲ್ಲಿ ನಿಮ್ಮಪ್ಪನ್ನೂ ಮೀರಿಸ್ತಾನೆ ಕಣೇ ಅವನು.


ಲಾಸ್ ಎನ್ಸಿನಾಸ್
೨೦ ಅಕ್ಟೋಬರ್ ೧೯೯೪

ತಂಗಿ ನಿಯೆವೆಸ್,

ಸಮೋರಾದಲ್ಲಿ ನೀನೂ ಮಕ್ಕಳೂ ಚೆನ್ನಾಗಿದೀರಿ ಅಂತ ತಿಳ್ಕೊಂಡಿದೀನಿ. ಇದನ್ನ ಓದಿ ಒಲೆಗೆ ಹಾಕು. ಯಾರ ಹತ್ರಾನೂ ಹೇಳದೆ ಹೊಟ್ಟೆ ಉಬ್ಬಿ ಹೋಗಿದೆ ನಂಗೆ.

ಆ ಗೂಳಿ ಸತ್ತುಹೋಯ್ತು ಕಣೇ. ಈ ತಿಂಗಳು ಮೊದಲನೇ ವಾರದಲ್ಲೇ. ಮಗಳಿಗೆ ಅದು ಚೆನ್ನಾಗಿದೆ ಅಂತ ಇವರು ಬರೆದ್ರು, ತಿಂತಿದೆ ಅಂತ ನಾನೂ ಕೆಳಗೆ ಬರೆದೆ. ತಮಾಷೆ ಮಾಡಿ ಮುಗಿಸಿದೆ.

ಈಟಿ ಆಳಕ್ಕೆ ಹೋಗಿತ್ತಂತೆ, ಶ್ವಾಸಕೋಶದ ಹತ್ರ. ಒಳಗೆಲ್ಲ ಕೀವು. ಕೊಟ್ಟಿಗೆ ಬಾಗಿಲು ತೆಗೆದ್ರೆ ಆ ವಾಸನೆ ಅಡುಗೆಮನೆ ತನಕ ಬರ್ತಿತ್ತು. ಡಾಕ್ಟರು ಗಾಯಕ್ಕೆ ಕೈ ಹಾಕಿದಾಗೆಲ್ಲ ಅದು ಕೂಗಿದ ಕೂಗು ನಾನು ಸಾಯೋ ತನಕ ಮರೆಯಲ್ಲ. ಇವರು ಅಲ್ಲೇ ಹುಲ್ಲಿನ ಮೇಲೆ ಮಲಗ್ತಿದ್ರು. ಕೊನೆಗೆ ಅದು ಏಳಲಾರದೆ ಹೋಯ್ತು. ಬೇರೆ ಆಳುಗಳು ಮಾಡ್ತೀವಿ ಅಂದ್ರೂ ಬಿಡಲಿಲ್ಲ, ಗಿಡ್ಡ ಚೂರಿ ತಗೊಂಡು ಇವರೇ ಒಳಗೆ ಹೋದ್ರು. ಬಾಗಿಲು ಹಾಕ್ಕೊಂಡ್ರು. ಹೊರಗೆ ಬಂದು ತೊಟ್ಟಿ ಹತ್ರ ಕೈ ತೊಳೆದ್ರು, ತೊಳೆದ್ರು, ತೊಳೀತಾನೇ ಇದ್ರು. ನಾನೇ ಹೋಗಿ ನಲ್ಲಿ ನಿಲ್ಲಿಸ್ದೆ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಬದುಕಲ್ಲ ಅಂತ ಇವರಿಗೆ ಕಣದಲ್ಲೇ ಗೊತ್ತಿತ್ತಂತೆ. ಈಟಿ ಇಳಿದ ಜಾಗ ನೋಡಿದ್ರಂತೆ. ಬೇಡ ಅಂತ ತಲೆ ಆಡಿಸಬೇಕಿತ್ತು, ಕತ್ತಿ ಏಟಿಗೆ ಅಲ್ಲೇ ಮುಗಿದು ಹೋಗ್ತಿತ್ತು. ಧಣಿ ಊರುಗೋಲು ಹಿಡ್ಕೊಂಡೇ ಬಂದು ಎಲ್ಲರ ಮುಂದೆ ಬೈದ್ರು. "ನಿನ್ನ ಕಣ್ಣು ಎಲ್ಲಿತ್ತಯ್ಯಾ ಎಲಾದಿಯೊ? ಗೂಳಿ ಮೇಲಿತ್ತಾ, ಮೆಟ್ಟಿಲ ಮೇಲಿತ್ತಾ?" ಇವರು ಇಂಗು ತಿಂದ ಮಂಗನ ಹಾಗೆ ನಿಂತಿದ್ರು. ಮಗಳು ಕರವಸ್ತ್ರ ಬೀಸ್ತಿದ್ಲು ಅಂತ ಹೇಳೋಕಾಗತ್ತಾ?

"ನಿಜ ಬರೆದುಬಿಡಿ" ಅಂದೆ. "ಬರೀತೀನಿ, ಮುಂದಿನ ಕಾಗದದಲ್ಲಿ" ಅಂದ್ರು. ಅಷ್ಟರಲ್ಲಿ ಮಗು ಬರೆದ ಚಿತ್ರ ಬಂತು. ಚಿತ್ರದಲ್ಲಿ ಇವರಿಗೆ ಮುಖ ಇಲ್ಲ ಕಣೇ ನಿಯೆವೆಸ್. ಅದನ್ನ ಹಿಡ್ಕೊಂಡು ಕೂತುಬಿಟ್ರು. ಆ ಗೂಳಿ ಬದುಕಿದ್ರೆ ಮಗಳು ಬರ್ತಾಳೆ, ಸತ್ತರೆ ಬರಲ್ಲ. ನಂಗೂ ಗೊತ್ತು ಅದು. ಅದಕ್ಕೇ ನಾನೂ ಬಾಯಿ ಮುಚ್ಕೊಂಡಿದೀನಿ.

ನಿನ್ನ ಅಕ್ಕ,
ವಿಸಿತಾ


ಬಾರ್ಸಿಲೋನಾ
೪ ಡಿಸೆಂಬರ್ ೧೯೯೪

ಅಪ್ಪಾ, ಅಮ್ಮಾ,

ಬರುತ್ತಿದ್ದೇವೆ! ಜನವರಿಯ ಮೂವರು ರಾಜರ ಹಬ್ಬಕ್ಕೆ, ನಾವು ಮೂವರೂ. ಜೊರ್ದಿ ತಾನೇ ಟಿಕೆಟ್ಟು ತಂದ. ಹಬ್ಬಕ್ಕೆ ಏನು ಬೇಕು ಎಂದು ಲಾಯಾಳನ್ನು ಕೇಳಿದರೆ, "ಗೊಂಬೆ ಬೇಡ, ಮೊಲಿನೆರೊಗೆ ರೊಟ್ಟಿ ಕೊಡ್ಬೇಕು" ಎಂದಳು. ಜೊರ್ದಿ, "ನಿಮ್ಮಪ್ಪನ ಹತ್ರ ನಂದೊಂದು ಮಾತಿದೆ, ಎದುರೆದುರೇ ಆಡ್ಬೇಕು" ಎಂದಿದ್ದಾನೆ. ಹೆದರಬೇಡ ಅಪ್ಪಾ, ಒಳ್ಳೆಯ ಮಾತೇ.

ಈ ಸಲ ವಸತಿಗೃಹ ಬೇಡ ಅಮ್ಮಾ. ನನ್ನ ಹಳೆಯ ಕೋಣೆಯಲ್ಲಿ ಈಗ ಏನು ತುಂಬಿದ್ದೀಯ?

ನಿಮ್ಮ ಅಂಪಾರೊ


ಲಾಸ್ ಎನ್ಸಿನಾಸ್
೧೪ ಡಿಸೆಂಬರ್ ೧೯೯೪

ಮಗಳೇ,

ಬನ್ನಿ. ದಾರಿಯಲ್ಲಿ ಮಂಜುಗಡ್ಡೆ ಇರುತ್ತದೆ, ಜೋಕೆ. ಮೊಲಿನೆರೊ ದೂರದ ಹುಲ್ಲುಗಾವಲಿನಲ್ಲಿದ್ದಾನೆ, ಚಳಿಗೆ ಕೋಪ ಜಾಸ್ತಿ. ತೋರಿಸಲು ಆದೀತೋ ಇಲ್ಲವೋ ಹೇಳಲಾರೆ. ಲಾಯಾಗೆ ಹೆಚ್ಚು ಆಸೆ ಹುಟ್ಟಿಸಬೇಡ.

ಅಪ್ಪ

ಅಮ್ಮ: ಕೋಣೇಲಿ ಆಲೂಗಡ್ಡೆ ಮೂಟೆ ಇದ್ವು, ತೆಗೆಸಿದೀನಿ. ಮಗೂಗೆ ಕಡಲೆಕಾಳಿನ ಸಾರು ಸೇರತ್ತಾ? ಹೇಗಾದ್ರೂ ಬನ್ನಿ.


ಬಾರ್ಸಿಲೋನಾ
೧೫ ಜನವರಿ ೧೯೯೫

ಅಪ್ಪನಿಗೆ,

ಲಾಯಾ ಹೊಸ ಚಿತ್ರ ಬರೆದಿದ್ದಾಳೆ. ಟೋಪಿಯ ಕೆಳಗೆ ಈಗ ಮುಖವಿದೆ, ಮೀಸೆಯೂ ಇದೆ. ಕಲ್ಲಿನ ಗೋಡೆಯ ಆಚೆ ಗೂಳಿ, ಈಚೆ ಅವಳು, ಕೈಯಲ್ಲಿ ರೊಟ್ಟಿ. ಈ ಪತ್ರದ ಜೊತೆ ಅದನ್ನು ಕಳಿಸುತ್ತಿಲ್ಲ.

ಗೂಳಿಯ ಪಕ್ಕೆಯ ಮೇಲೆ ಕಾದ ಕಬ್ಬಿಣದಿಂದ ಸುಟ್ಟ ಅಂಕಿಯನ್ನು ಓದುವುದು ನನಗೆ ನೀವೇ ಕಲಿಸಿದ್ದು. ಶಾಲೆಗೆ ಹೋಗುವ ಮೊದಲೇ, ನಿಮ್ಮ ಕುದುರೆಯ ಮೇಲೆ ನಿಮ್ಮ ಮುಂದೆ ಕುಳಿತು ಅಂಕಿ ಕಲಿತವಳು ನಾನು. ಕಣದಲ್ಲಿ ನೋಡಿದ ಮೊಲಿನೆರೊನ ಪಕ್ಕೆಯಲ್ಲಿ ಹದಿನಾಲ್ಕು ಇತ್ತು. ಹಬ್ಬದ ದಿನ ಗೋಡೆಯಾಚೆ ನೀವು ತೋರಿಸಿದವನ ಪಕ್ಕೆಯಲ್ಲಿ ಇಪ್ಪತ್ತೊಂಬತ್ತು. ಬೆನ್ನ ಮೇಲೆ ಒಂದು ಗೀರೂ ಇಲ್ಲ. "ಮೊಲಿನೆರೊ!" ಎಂದು ಲಾಯಾ ಕೂಗಿದಾಗ ಅಮ್ಮ ಕೇಳಿಸದವರ ಹಾಗೆ ಆ ಕಡೆ ತಿರುಗಿ ನಿಂತರು. ನೀವು ಮಾತ್ರ, "ಹೂಂ ಪುಟ್ಟಿ, ಅವನೇ" ಎಂದಿರಿ. ದನಿ ಒಂದಿಷ್ಟೂ ಅಲುಗಲಿಲ್ಲ.

ಆಗಲೇ ಜೊರ್ದಿ ನಿಮ್ಮ ಎರಡೂ ಕೈ ಹಿಡಿದುಕೊಂಡ. "ಮಾವ, ಮದುವೆ ದಿನ ಒಂದು ಮಾತು ಆಡಿಬಿಟ್ಟೆ. ಅದನ್ನ ವಾಪಸ್ ತಗೋತೀನಿ. ಈ ಕೈನ ಕಟುಕನ ಕೈ ಅಂದಿದ್ದು ತಪ್ಪಾಯ್ತು" ಎಂದ. ಎಂಟು ವರ್ಷ ನಾನು ಕಾದಿದ್ದ ಮಾತು ಅದು. ನೀವು ಕೈ ಬಿಡಿಸಿಕೊಳ್ಳಲು ನೋಡಿದಿರಿ, ಅವನು ಬಿಡಲಿಲ್ಲ. ನಾನು ಆ ಹೊತ್ತು ಬಾಯಿ ತೆರೆದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಮದುವೆಯ ದಿನದ ಹಾಗೇ ಮತ್ತೆ ಸುಮ್ಮನಿದ್ದೆ.

ನಾನು ಯಾವುದೋ ಊರಿಂದ ಬಂದ ನೆಂಟಳೇ ಅಪ್ಪ, ಒಂದು ಕಪ್ಪು ಗೂಳಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದವಳೇ? ನನಗೆ ಸಿಟ್ಟಿಗಿಂತ ಅವಮಾನವಾಗಿದೆ. ಮೊಲಿನೆರೊ ಹೇಗೆ ಸತ್ತ, ಯಾವಾಗ ಸತ್ತ, ಹೇಳಿ. ಅಮ್ಮನ ಕೈಲಿ ಬರೆಸಬೇಡಿ, ನೀವೇ ಬರೆಯಿರಿ.

ಅಂಪಾರೊ


ಲಾಸ್ ಎನ್ಸಿನಾಸ್
೩ ಫೆಬ್ರುವರಿ ೧೯೯೫

ಅಂಪಾರೊಗೆ,

ಅಕ್ಟೋಬರಿನ ಮೊದಲ ವಾರ ಸತ್ತ. ಗಾಯ ಕೊಳೆತಿತ್ತು. ಮೂರು ವಾರ ನರಳಿದ. ಈಟಿ ಎಲ್ಲಿ ಇಳಿಯಿತೆಂದು ಬೇಲಿಯ ಹಿಂದೆ ನಿಂತೇ ನೋಡಿದ್ದೆ. ಅವನು ಉಳಿಯುವುದಿಲ್ಲ ಎಂದು ಅಲ್ಲೇ ಗೊತ್ತಿತ್ತು. ಇಡೀ ಕಣದಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ, ಬೇಡ ಎನ್ನುವ ಹಕ್ಕಿದ್ದವನೂ ನಾನೊಬ್ಬನೇ. ತಲೆಯೆತ್ತಿದೆ, ನೀನು ಕಂಡೆ. ಎಂಟು ವರ್ಷದ ಮೇಲೆ ನೀನು ನನ್ನ ಮುಖ ನೋಡುತ್ತಿದ್ದೆ. ತಲೆಯಾಡಿಸಿದೆ. ನೀನು ನನ್ನತ್ತ ನೋಡಿದ ಆ ಒಂದು ನೋಟಕ್ಕೆ ಅವನು ಮೂರು ವಾರ ಬೆಲೆ ತೆತ್ತ.

ಕೊನೆಯ ದಿನ ಚೂರಿ ಹಿಡಿದವನೂ ನಾನೇ. ನನ್ನ ದನಿಗೆ ಕಿವಿ ತಿರುಗಿಸಿದ. ಕತ್ತಿನ ಹಿಂದೆ ಚೂರಿ ಎಲ್ಲಿ ಇಳಿಯಬೇಕೆಂದು ಗೊತ್ತಿದ್ದರೂ ಮೊದಲನೇ ಏಟು ತಪ್ಪಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಿನ್ನ ಗಂಡ ದೊಡ್ಡ ಮನಸ್ಸು ಮಾಡಿ ಆಡಿದ ಮಾತನ್ನು ವಾಪಸು ತಗೊಂಡ. ಮದುವೆಯ ದಿನ ಅದು ಸುಳ್ಳಾಗಿತ್ತು. ಗೋಡೆಯ ಹತ್ತಿರ ನನ್ನ ಕೈ ಹಿಡಿದು ವಾಪಸು ತಗೊಂಡ ದಿನ ನಿಜವಾಗಿತ್ತು. ಅವನಿಗೆ ಹೇಳುತ್ತೀಯೋ ಬಿಡುತ್ತೀಯೋ, ನಿನಗೆ ಬಿಟ್ಟಿದ್ದೇನೆ.

ಲಾಯಾಳ ರೊಟ್ಟಿ ತಿಂದವನ ಹೆಸರು ಪೆರ್ದಿಗೊನ್. ಈಗ ಗೋಡೆಯ ಹತ್ತಿರ ಯಾರು ಸುಳಿದರೂ ರೊಟ್ಟಿ ತಂದಿದ್ದಾರೆಂದು ಎದ್ದು ಬರುತ್ತಾನೆ. ಜೂನಿನಲ್ಲಿ ಅವನು ಸಮೋರಾದ ಕಣಕ್ಕೆ ಹೋಗಬೇಕು. ಧಣಿ ಬರಲಾರರಂತೆ, ಬೇಲಿಯ ಹಿಂದೆ ನಾನೇ ನಿಲ್ಲುತ್ತೇನೆ. ಈ ಸಲ ಗೂಳಿಯನ್ನು ಬಿಟ್ಟು ಬೇರೆ ಎಲ್ಲೂ ನೋಡುವುದಿಲ್ಲ.

ಅಮ್ಮ ಕೆಳಗೆ ಏನೂ ಬರೆಯುವುದಿಲ್ಲವಂತೆ. ನೀನು ಬರಬೇಡ. ಬರಲೇಬೇಕೆನಿಸಿದರೆ, ಕರವಸ್ತ್ರ ತರಬೇಡ.

ನಿನ್ನ ಅಪ್ಪ,
ಎಲಾದಿಯೊ